ವೆಂಟಿಲೇಟರ್ ಮೇಲಿದ್ದ ಅಮ್ಮನ ತೊಡೆಗೆ ಕರೆಂಟ್ ಇಟ್ಟ ಮೂರು ವಾರ

“ಶಾಕ್ ಕೊಡ್ತೀರಾ ಮೇಡಂ? ಮೊದಲೇ ಅಮ್ಮನಲ್ಲಿ ಏನೂ ಉಳಿದಿಲ್ಲ.”

ಐಸಿಯು ಬಾಗಿಲಲ್ಲಿ ನನ್ನ ಕೈಲಿದ್ದ ಪೆಟ್ಟಿಗೆ ನೋಡಿ ಮಗ ಕೇಳಿದ. ಅದು ಸ್ಟಿಮ್ಯುಲೇಟರ್, ಚರ್ಮದ ಮೇಲಿಂದ ಸಣ್ಣ ಕರೆಂಟ್ ಕೊಟ್ಟು ಸ್ನಾಯುವನ್ನು ಬಿಗಿ ಮಾಡಿಸುವ ಮೆಷಿನ್. ಅವನ ತಾಯಿ ವೆಂಟಿಲೇಟರ್ ಮೇಲೆ ಮಲಗಿ ಅವತ್ತಿಗೆ 16 ದಿನ. ನಾನು ವಾದ ಮಾಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು, ನನ್ನ ಮುಂಗೈಗೆ ಎರಡು ಪ್ಯಾಡ್ ಅಂಟಿಸಿಕೊಂಡು ನಿಧಾನಕ್ಕೆ ಕರೆಂಟ್ ಏರಿಸಿದೆ. ಬೆರಳುಗಳು ತಾವಾಗಿಯೇ ಮಡಚಿಕೊಂಡವು, ಬಿಚ್ಚಿಕೊಂಡವು. ಅವನೂ ಕೈ ಚಾಚಿದ. ಇರುವೆ ಹರಿದ ಹಾಗೆ ಆಗುತ್ತೆ, ಆಮೇಲೆ ಬಿಗಿಯಾಗುತ್ತೆ, ನೋವಿಲ್ಲ ಅಂದ. ಅಲ್ಲಿಂದ ಅವನ ಭಯ ಹೋಯಿತು. ಈಗ ಎಲ್ಲ ಮನೆಯವರಿಗೂ ನಾನು ಹೀಗೇ ತೋರಿಸುತ್ತೇನೆ.

ಆ ಅಮ್ಮನಿಗೆ ವರ್ಷಗಟ್ಟಲೆ ಸೌದೆ ಒಲೆ ಊದಿ ಶ್ವಾಸಕೋಶ ಹಾಳಾಗಿತ್ತು. ಅದರ ಮೇಲೆ ನ್ಯುಮೋನಿಯಾ ಬಂತು. 12ನೇ ದಿನ ಟ್ರೇಕಿಯಾಸ್ಟಮಿ ಮಾಡಿದರು, ಅಂದರೆ ಗಂಟಲಲ್ಲಿ ರಂಧ್ರ ಮಾಡಿ ಉಸಿರಾಟದ ನಳಿಗೆ ಹಾಕಿದರು. ಮಂಪರಿನ ಔಷಧ ಇಳಿಸಿದ ಮೇಲೆ ಕಣ್ಣು ಬಿಟ್ಟು ನೋಡುತ್ತಿದ್ದರು. ಮಾತು ಅರ್ಥವಾಗುತ್ತಿತ್ತು. ಆದರೆ ಕೈಕಾಲು ಎತ್ತಲು ಆಗುತ್ತಿರಲಿಲ್ಲ. ನಾವು ಎರಡೂ ಕೈ, ಎರಡೂ ಕಾಲುಗಳ ಒಟ್ಟು 12 ಚಲನೆಗಳಿಗೆ ಸೊನ್ನೆಯಿಂದ 5ರವರೆಗೆ ಅಂಕ ಕೊಡುತ್ತೇವೆ. ಪೂರ್ತಿ ಶಕ್ತಿ ಇದ್ದರೆ 60. 48ಕ್ಕಿಂತ ಕಡಿಮೆ ಆದರೆ ಅದು ಐಸಿಯುನಲ್ಲಿ ಬಂದ ಸ್ನಾಯು ದುರ್ಬಲತೆ. ಇವರದ್ದು 22. “ಮಂಡಿ ಬಿಗಿ ಮಾಡಿ ಅಮ್ಮಾ” ಅಂದರೆ ತೊಡೆಯಲ್ಲಿ ಒಂದು ಸಣ್ಣ ಮಿಡಿತ, ಅಷ್ಟೇ.

ಇಷ್ಟು ಬೇಗ ಹೀಗಾಗುತ್ತಾ ಅಂತ ಮಗ ಕೇಳಿದ. ಆಗುತ್ತೆ. 2013ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಇಂಗ್ಲೆಂಡಿನ ಅಧ್ಯಯನದಲ್ಲಿ ಐಸಿಯು ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದಿದ್ದರು. 10 ದಿನದಲ್ಲಿ ಅದರ ಅಡ್ಡಸೀಳಿನ ವಿಸ್ತೀರ್ಣ ಸರಾಸರಿ ಶೇ 17.7ರಷ್ಟು ಕರಗಿತ್ತು. ಸೋಂಕು, ಹಾಸಿಗೆ, ಊಟ ಸಾಲದೆ ಇರುವುದು, ಎಲ್ಲ ಸೇರಿ ಸ್ನಾಯುವನ್ನು ತಿಂದುಹಾಕುತ್ತವೆ.

ಶುರು ಮಾಡುವ ಮುಂಚೆ ನೋಡಬೇಕಾದ್ದು ಕೆಲವಿದೆ. ಪೇಸ್‌ಮೇಕರ್ ಇದೆಯಾ? ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯಾ? ಪ್ಯಾಡ್ ಇಡುವ ಕಡೆ ಗಾಯ ಇದೆಯಾ? ಸ್ನಾಯು ಸಡಿಲಿಸುವ ಔಷಧ ಹನಿಯುತ್ತಿದ್ದರೆ ನಾನು ಮೆಷಿನ್ ಹೊರಗೇ ತೆಗೆಯುವುದಿಲ್ಲ. ನರದ ಸಂದೇಶ ಸ್ನಾಯುವಿಗೆ ದಾಟುವುದೇ ಇಲ್ಲ, ಸುಮ್ನೆ ಕರೆಂಟ್ ದಂಡ. ಇವರಿಗೆ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಸರಿಯಾಗಿತ್ತು, ಬಿಪಿ ಹಿಡಿದಿಡುವ ಔಷಧದ ಪ್ರಮಾಣವೂ ಕಡಿಮೆಯಾಗುತ್ತಿತ್ತು. ಡಾಕ್ಟರ್ ಒಪ್ಪಿದರು.

ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು ಕಾಲನ್ನು ಸ್ವಲ್ಪ ಮಡಚಿದೆ. ಮೈ ಒರೆಸಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದ್ದರು, ಅದನ್ನು ಸೋಪುನೀರಲ್ಲಿ ಒರೆಸಿದೆ. ಎಣ್ಣೆ ಇದ್ದರೆ ಪ್ಯಾಡ್ ಸರಿಯಾಗಿ ಹಿಡಿಯುವುದಿಲ್ಲ. ಒಂದು ದೊಡ್ಡ ಪ್ಯಾಡ್ ತೊಡೆಯ ಮೇಲ್ಭಾಗದಲ್ಲಿ ಹೊರಮಗ್ಗುಲಿಗೆ, ಇನ್ನೊಂದು ಮಂಡಿಚಿಪ್ಪಿಗಿಂತ ಮೇಲಕ್ಕೆ, ಸ್ವಲ್ಪ ಒಳಮಗ್ಗುಲಿಗೆ. ಸೆಕೆಂಡಿಗೆ 45 ಮಿಡಿತ (45 ಹರ್ಟ್ಸ್), ಒಂದೊಂದು ಮಿಡಿತ 400 ಮೈಕ್ರೋಸೆಕೆಂಡ್. 6 ಸೆಕೆಂಡ್ ಕರೆಂಟ್, 12 ಸೆಕೆಂಡ್ ಬಿಡುವು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ.

ಮೊದಲ ದಿನ 40 ಮಿಲಿಆಂಪಿಯರ್‌ಗೆ ಏರಿಸಿದರೂ ಏನೂ ಕಾಣಲಿಲ್ಲ. ಬೆರಳಲ್ಲಿ ತೊಡೆ ಒತ್ತಿದೆ, ಗುಳಿ ಹಾಗೇ ಉಳಿಯಿತು. ನೀರು ತುಂಬಿಕೊಂಡಿತ್ತು. ಊದಿದ ಕಾಲಲ್ಲಿ ಕರೆಂಟ್ ನರದವರೆಗೆ ಸರಿಯಾಗಿ ತಲುಪುವುದಿಲ್ಲ. ಹಿಂದೊಮ್ಮೆ ಇಂಥದೇ ಇನ್ನೊಬ್ಬ ರೋಗಿಗೆ ನಾನು ಹಟ ಹಿಡಿದು ಕರೆಂಟ್ ಏರಿಸುತ್ತಾ ಹೋಗಿದ್ದೆ. ಪ್ಯಾಡಿನ ಜೆಲ್ ಒಣಗಿತ್ತು, ನಾನು ನೋಡಿರಲಿಲ್ಲ. ಚರ್ಮದ ಮೇಲೆ ಚೌಕಾಕಾರದ ಕೆಂಪು ಕಲೆ ಎರಡು ದಿನ ಉಳಿಯಿತು. ಮಂಪರಿನಲ್ಲಿದ್ದ ಅವರು ಉರಿಯುತ್ತಿದೆ ಅಂತ ಹೇಳುವ ಸ್ಥಿತಿಯಲ್ಲೂ ಇರಲಿಲ್ಲ. ಅದು ನನ್ನದೇ ತಪ್ಪು. ಇವತ್ತಿಗೂ ಪ್ರತಿ ಸಲ ಪ್ಯಾಡ್ ತೆಗೆದ ಮೇಲೆ ಚರ್ಮ ನೋಡಿ ಬರೆದಿಡುತ್ತೇನೆ.

ಹಾಗಾಗಿ ಈ ಅಮ್ಮನಿಗೆ ಕರೆಂಟ್ ಏರಿಸಲಿಲ್ಲ. ಹೊಸ ಪ್ಯಾಡ್ ಹಾಕಿದೆ. ಕೆಳಗಿನ ಪ್ಯಾಡನ್ನು ಅರ್ಧ ಇಂಚು, ಅರ್ಧ ಇಂಚು ಜರುಗಿಸುತ್ತಾ ಹೋದೆ. ಇನ್ನೊಂದು ಕೈಯ ಬೆರಳು ಮಂಡಿಚಿಪ್ಪಿನ ಮೇಲೇ ಇತ್ತು. ಮೂರನೇ ಸಲಕ್ಕೆ ಚಿಪ್ಪು ಬೆರಳಡಿ ಸರಕ್ಕನೆ ಮೇಲಕ್ಕೆ ಜರುಗಿತು. ತೊಡೆಯ ಸ್ನಾಯು ಬಿಗಿಯಾದರೇ ಚಿಪ್ಪು ಹಾಗೆ ಜರುಗುವುದು, ನನಗೆ ಬೇಕಿದ್ದದ್ದು ಅದೇ. ಮೆಷಿನ್ನಿನ ಅಂಕಿಗಿಂತ ನಾನು ಆ ಚಿಪ್ಪನ್ನೇ ಜಾಸ್ತಿ ನಂಬುತ್ತೇನೆ. ಸ್ನಾಯು ಬಿಗಿಯಾಗುವುದು ಕಾಣದೆ ಅರ್ಧ ಗಂಟೆ ಮೆಷಿನ್ ಓಡಿಸಿ, ‘ಕೊಟ್ಟಾಯಿತು’ ಅಂತ ಫೈಲಲ್ಲಿ ಬರೆದರೆ ರೋಗಿಗೆ ಏನು ಸಿಕ್ಕಿತು ಹೇಳಿ?

ಅಷ್ಟರಲ್ಲಿ ಮಾನಿಟರ್ ಕೂಗಿಕೊಂಡಿತು. ಇಸಿಜಿ ಗೆರೆ ಗರಗಸದ ಹಲ್ಲಿನ ಹಾಗೆ ಆಗಿತ್ತು. ಸಿಸ್ಟರ್ ಓಡಿ ಬಂದರು. ನಾನು ತಕ್ಷಣ ಕರೆಂಟ್ ನಿಲ್ಲಿಸಿದೆ. ಆಮ್ಲಜನಕ ನೋಡಲು ಬೆರಳಿಗೆ ಹಾಕಿದ ಪ್ರೋಬಿನ ಅಲೆ ಸಮವಾಗಿ ಬರುತ್ತಿತ್ತು, ಕೈಯಲ್ಲಿ ನಾಡಿಯೂ ಸರಿಯಿತ್ತು. ಸ್ಟಿಮ್ಯುಲೇಟರ್ ಕರೆಂಟು ಇಸಿಜಿಯಲ್ಲಿ ಸೇರಿಕೊಂಡಿತ್ತು, ಅಷ್ಟೇ. ಅವತ್ತಿಂದ ಶುರು ಮಾಡುವ ಮುಂಚೆಯೇ ಸಿಸ್ಟರ್‌ಗೆ ಹೇಳಿಡುತ್ತೇನೆ. ಆದರೆ ಅಲಾರಂ ಮಾತ್ರ ಆಫ್ ಮಾಡಿಸುವುದಿಲ್ಲ.

ಇದರಿಂದ ವೆಂಟಿಲೇಟರ್ ಬೇಗ ಬಿಡುತ್ತಾ ಅಂತ ಎಲ್ಲರೂ ಕೇಳುತ್ತಾರೆ. ತೊಡೆಗೆ ಕೊಟ್ಟ ಕರೆಂಟ್ ಉಸಿರಾಟದ ಮುಖ್ಯ ಸ್ನಾಯುವಾದ ವಪೆಗೆ ಬಲ ಕೊಡುವುದಿಲ್ಲ, ಅದನ್ನು ಮೊದಲೇ ಹೇಳುತ್ತೇನೆ. ಅಧ್ಯಯನಗಳೂ ಒಂದೇ ಮಾತು ಹೇಳುತ್ತಿಲ್ಲ. 2003ರಲ್ಲಿ ಇಟಲಿಯವರು ತಿಂಗಳಿಗೂ ಹೆಚ್ಚು ಹಾಸಿಗೆ ಹಿಡಿದು ವೆಂಟಿಲೇಟರ್ ಮೇಲಿದ್ದ 24 ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ರೋಗಿಗಳನ್ನು ನೋಡಿದರು. ವ್ಯಾಯಾಮದ ಜೊತೆ ಕರೆಂಟೂ ಸಿಕ್ಕವರಿಗೆ ಹಾಸಿಗೆಯಿಂದ ಕುರ್ಚಿಗೆ ಬರಲು ಸರಾಸರಿ 11 ದಿನ ಹಿಡಿಯಿತು. ಬರೀ ವ್ಯಾಯಾಮ ಮಾಡಿದವರಿಗೆ 14 ದಿನ ದಾಟಿತು. 2018ರಲ್ಲಿ ಫ್ರಾನ್ಸ್‌ನಲ್ಲಿ 314 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಹಾಸಿಗೆಯಲ್ಲೇ ಸೈಕಲ್ ತುಳಿಸಿ ಕರೆಂಟ್ ಕೊಟ್ಟರೂ ಐಸಿಯು ಬಿಡುವಾಗ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಕರೆಂಟ್ ಸಿಕ್ಕವರಿಗೂ ಸಿಗದವರಿಗೂ ಬೇಗ ಏಳಿಸುವ ಒಳ್ಳೆಯ ಆರೈಕೆ ಮೊದಲೇ ಇತ್ತು. ನನ್ನ ಲೆಕ್ಕ ಇಷ್ಟೇ: ತಾನೇ ಕಾಲು ಎತ್ತಬಲ್ಲವರಿಗೆ ನಾನು ಇದನ್ನು ಹಾಕುವುದಿಲ್ಲ, ಏಳಿಸಿ ಕೂರಿಸುತ್ತೇನೆ. ಎತ್ತಲಾಗದವರಿಗೆ, ಎತ್ತುವ ದಿನ ಬರುವವರೆಗೆ ಹಾಕುತ್ತೇನೆ.

ನಾಲ್ಕನೇ ದಿನದಿಂದ ಅಮ್ಮನಿಗೂ ಕೆಲಸ ಕೊಟ್ಟೆ. “ಕರೆಂಟ್ ಬಂದಾಗ ನೀವೂ ಜೊತೆಗೆ ಬಿಗಿ ಮಾಡಿ ಅಮ್ಮಾ.” ಪ್ರತಿ ಸಲವೂ ಹುಬ್ಬು ಗಂಟಿಕ್ಕಿ ಪ್ರಯತ್ನಿಸುತ್ತಿದ್ದರು. ಡಯಟಿಷಿಯನ್ ಮೂಗಿನ ನಳಿಗೆಯಲ್ಲಿ ಹೋಗುವ ಪ್ರೋಟೀನ್ ಜಾಸ್ತಿ ಮಾಡಿದರು. ಊತ ಇಳಿಯಿತು. ಕಡಿಮೆ ಕರೆಂಟಿಗೇ ಚಿಪ್ಪು ಓಡತೊಡಗಿತು. 31ನೇ ದಿನ ಮೂರು ಜನ ಹಿಡಿದು ಮಂಚದ ಅಂಚಿಗೆ ಕೂರಿಸಿದೆವು. ಎರಡೇ ನಿಮಿಷಕ್ಕೆ ಸುಸ್ತಾಗಿ ಒರಗಿದರು.

36ನೇ ದಿನ ಬೆಳಗ್ಗೆ ಹಾಕಲೆಂದು ಪ್ಯಾಡುಗಳನ್ನು ಪ್ಲಾಸ್ಟಿಕ್ ಹಾಳೆಯಿಂದ ಬಿಡಿಸುತ್ತಾ ನಿಂತಿದ್ದೆ. ಅವರು ಬೇಡ ಅನ್ನುವ ಹಾಗೆ ಕೈ ಆಡಿಸಿದರು. ಆಮೇಲೆ ಟವೆಲ್ ಮೇಲಿದ್ದ ಬಲಗಾಲಿನ ಹಿಮ್ಮಡಿಯನ್ನು ತಾವೇ ಎತ್ತಿ, ಮಂಡಿ ನೆಟ್ಟಗೆ ಮಾಡಿ, ನಾನು ಐದು ಎಣಿಸುವವರೆಗೆ ಹಿಡಿದರು. ನಾನು ಪ್ಯಾಡುಗಳನ್ನು ಮತ್ತೆ ಪ್ಲಾಸ್ಟಿಕ್ ಹಾಳೆಗೆ ಅಂಟಿಸಿ, ಕುರ್ಚಿ ತರಲು ಹೋದೆ.