ಹಿತ್ತಲಿಗೊಂದು ಇದ್ದಿಲ ಗ್ರಿಲ್: ಕೊಳ್ಳುವ ಬಗೆ, ಬಳಸುವ ಬಗೆ

ಇದ್ದಿಲ ಅಡುಗೆಯಲ್ಲಿ ಶಾಖವನ್ನು ಏರಿಸಿ ಇಳಿಸಲು ಗ್ಯಾಸ್ ಒಲೆಗಿರುವಂತೆ ನಾಬ್ ಇರುವುದಿಲ್ಲ. ಆ ಕೆಲಸವನ್ನು ಗಾಳಿ ಮಾಡುತ್ತದೆ. ಕೆಂಡಕ್ಕೆ ಗಾಳಿ ಹೆಚ್ಚಿದರೆ ಶಾಖ ಏರುತ್ತದೆ, ತಗ್ಗಿದರೆ ಇಳಿಯುತ್ತದೆ, ಪೂರ್ತಿ ನಿಂತರೆ ಕೆಂಡ ಆರುತ್ತದೆ. ಆದ್ದರಿಂದ ಗ್ರಿಲ್ ಕೊಳ್ಳಲು ಹೊರಟವರು ಬಣ್ಣವನ್ನೋ ಚಕ್ರಗಳನ್ನೋ ನೋಡುವ ಮೊದಲು, ತಳದಲ್ಲಿ ಮತ್ತು ಮುಚ್ಚಳದಲ್ಲಿ ಇರುವ ಗಾಳಿಕಿಂಡಿಗಳನ್ನು ಕೈಯಾರೆ ತೆರೆದು ಮುಚ್ಚಿ ನೋಡಬೇಕು. ಕಿಂಡಿ ಸಡಿಲವಾಗಿದ್ದರೆ, ಮುಚ್ಚಳ ಬಾಯಿಗೆ ಸರಿಯಾಗಿ ಕೂರದಿದ್ದರೆ, ಆ ಗ್ರಿಲ್ ಎಷ್ಟೇ ಅಗ್ಗವಾಗಿದ್ದರೂ ಬೇಡ.

ಬೆಂಗಳೂರಿನಲ್ಲಿ 30×40 ನಿವೇಶನದ ಮನೆಗಳಿಗೆ ಹಿತ್ತಲೆಂದರೆ ಹೆಚ್ಚಾಗಿ ನಾಲ್ಕಡಿಯ ಓಣಿ. ಹಾಗಾಗಿ ಗ್ರಿಲ್ ತಾರಸಿಗೇ ಏರುತ್ತದೆ. ಅಲ್ಲಿ ಆಷಾಢದ ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಮುಚ್ಚಳವಿಲ್ಲದ ಮಡಚುವ ಪೆಟ್ಟಿಗೆಯ ಮಾದರಿ ಕಬಾಬಿನ ಕಡ್ಡಿಗಳಿಗೆ, ಜೋಳಕ್ಕೆ ಸಾಕು; ಆದರೆ ಗಾಳಿ ಬೀಸಿದಾಗ ಅದರ ಬೂದಿ ಹಾರಿ ತಿನಿಸಿನ ಮೇಲೇ ಕೂರುತ್ತದೆ. ಗುಂಡನೆಯ ಕೆಟಲ್ ಮಾದರಿ ಹುಟ್ಟಿದ್ದೇ ಇಂಥ ತೊಂದರೆಯಿಂದ. ಶಿಕಾಗೊದ ಲೋಹದ ಕಾರ್ಖಾನೆಯೊಂದರಲ್ಲಿದ್ದ ಜಾರ್ಜ್ ಸ್ಟೀಫನ್ ಅವರು 1952ರಲ್ಲಿ, ಅಲ್ಲಿ ತಯಾರಾಗುತ್ತಿದ್ದ ಗೋಳಾಕಾರದ ಬೋಯ್‌ನ (ನೀರಿನ ಮೇಲೆ ತೇಲಿಬಿಡುವ ಲೋಹದ ಗುರುತುಗೋಳ) ಎರಡು ಹೋಳುಗಳನ್ನು ಬಳಸಿ, ಒಂದನ್ನು ತಳವಾಗಿಯೂ ಇನ್ನೊಂದನ್ನು ಮುಚ್ಚಳವಾಗಿಯೂ ಮಾಡಿಕೊಂಡರು. ನಾಲ್ಕೈದು ಜನರ ಕುಟುಂಬಕ್ಕೆ 47 ಸೆಂಟಿಮೀಟರ್ ಅಗಲದ ಕೆಟಲ್ ಸಾಕು. ನೆಂಟರಿಷ್ಟರು ಆಗಾಗ ಬರುವ ಮನೆಯಾದರೆ 57 ಸೆಂಟಿಮೀಟರಿನದು ಒಳ್ಳೆಯದು. ಹಳೆಯ ಡ್ರಮ್ ಸೀಳಿಸಿ ವೆಲ್ಡಿಂಗ್ ಅಂಗಡಿಯಲ್ಲಿ ಗ್ರಿಲ್ ಮಾಡಿಸುವವರೂ ಇದ್ದಾರೆ. ಆ ಡ್ರಮ್‌ನಲ್ಲಿ ಹಿಂದೆ ಏನಿತ್ತೆಂದು ಖಚಿತವಾಗಿ ಗೊತ್ತಿಲ್ಲದಿದ್ದರೆ ಅದನ್ನು ಬಳಸಬಾರದು. ಸತುವಿನ ಲೇಪವಿರುವ ತಗಡು, ಜಾಲರಿಗಳೂ ಬೇಡ, ಏಕೆಂದರೆ ಕಾವೇರಿದಾಗ ಆ ಲೇಪದಿಂದ ಏಳುವ ಹೊಗೆ ದೇಹಕ್ಕೆ ಹಾನಿಕರ. ಹೊಸ ಗ್ರಿಲ್‌ನಲ್ಲಿ ಅಡುಗೆಗೆ ಮೊದಲು ಒಮ್ಮೆ ಅರ್ಧ ಗಂಟೆ ಬರಿದೇ ಕೆಂಡ ಉರಿಸಿ, ಕಾರ್ಖಾನೆಯ ಎಣ್ಣೆ ಮತ್ತು ಬಣ್ಣದ ವಾಸನೆಯನ್ನು ಕಳೆಯಬೇಕು.

ಇದ್ದಿಲು ಆರಿಸುವಾಗ ಕಣ್ಣಿನ ಜೊತೆ ಕಿವಿಯನ್ನೂ ಬಳಸಬಹುದು. ಚೆನ್ನಾಗಿ ಸುಟ್ಟ ಎರಡು ತುಂಡುಗಳನ್ನು ಒಂದಕ್ಕೊಂದು ತಟ್ಟಿದರೆ ಟಣ್ ಎನ್ನುತ್ತವೆ. ಅರೆಬೆಂದ ತುಂಡು ಮಂದವಾಗಿ ಸದ್ದು ಮಾಡುತ್ತದೆ, ಮುರಿದರೆ ಒಳಗೆ ಕಂದು ಬಣ್ಣ ಕಾಣುತ್ತದೆ, ಹೊತ್ತಿಸಿದರೆ ಕಣ್ಣುರಿಸುವ ಹೊಗೆ ಕೊಡುತ್ತದೆ. ಬಳ್ಳಾರಿ ಜಾಲಿಯಂಥ ಗಟ್ಟಿ ಮರದ ಇದ್ದಿಲು ಬೇಗ ಹೊತ್ತಿ ಜೋರಾಗಿ ಕಾಯುತ್ತದೆ. ತೆಂಗಿನ ಕರಟದ ಇದ್ದಿಲು ಹೊಗೆ ಕಡಿಮೆ ಕೊಟ್ಟು ಹೆಚ್ಚು ಹೊತ್ತು ಬಾಳುತ್ತದೆ. ಅಕ್ಕಪಕ್ಕದ ಮನೆಗಳು ಗೋಡೆಗೆ ಗೋಡೆ ತಾಗಿರುವಲ್ಲಿ ನನಗೆ ಇದೇ ಸರಿಯೆನಿಸುತ್ತದೆ. ಪುಡಿಯನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಬ್ರಿಕೆಟ್‌ಗಳು ಸಮನಾಗಿ ಉರಿಯುತ್ತವೆ, ಆದರೆ ಬೂದಿ ಹೆಚ್ಚು. ಯಾವುದನ್ನೇ ತಂದರೂ ಮುಚ್ಚಳದ ಡಬ್ಬದಲ್ಲಿಡಬೇಕು. ಮಳೆಗಾಲದ ತೇವ ಹೀರಿದ ಇದ್ದಿಲು ಹೊತ್ತುವುದು ತಡ, ಮೇಲಾಗಿ ಸಿಡಿಯುತ್ತದೆ.

ಹೊತ್ತಿಸಲು ಸೀಮೆಎಣ್ಣೆಯಾಗಲಿ ಪೆಟ್ರೋಲಾಗಲಿ ಖಂಡಿತ ಕೂಡದು. ವಾಸನೆಯ ಮಾತಿರಲಿ, ಅವು ಪ್ರಾಣಕ್ಕೇ ಅಪಾಯ. ಚಿಮಣಿ ಸ್ಟಾರ್ಟರ್ ಎಂಬ ಹಿಡಿಯಿರುವ ಲೋಹದ ಕೊಳವೆಯ ಕೆಳಭಾಗದಲ್ಲಿ ಎರಡು ಹಾಳೆ ಹಳೆಯ ಪತ್ರಿಕೆ, ಮೇಲ್ಭಾಗದಲ್ಲಿ ಇದ್ದಿಲು ತುಂಬಿ ಬೆಂಕಿ ಕೊಟ್ಟರೆ, ಬಿಸಿಗಾಳಿ ತಾನಾಗಿ ಮೇಲೇರಿ 15–20 ನಿಮಿಷಗಳಲ್ಲಿ ಕೆಂಡ ಸಿದ್ಧವಾಗುತ್ತದೆ. ಜ್ವಾಲೆ ಅಡಗಿ, ಮೇಲಿನ ತುಂಡುಗಳ ಅಂಚಿನಲ್ಲಿ ತೆಳುವಾದ ಬಿಳಿ ಬೂದಿ ಮೂಡುವವರೆಗೆ ಕಾಯಬೇಕು. ಹಸಿದ ಮಕ್ಕಳು ಸುತ್ತ ನಿಂತಾಗ ಈ ಕಾಯುವಿಕೆ ಕಷ್ಟ, ಆದರೆ ಜ್ವಾಲೆಯ ಮೇಲಿಟ್ಟ ಕೋಳಿ ಹೊರಗೆ ಕರಕಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಕೆಂಡವನ್ನು ತಳದ ತುಂಬ ಹರಡದೆ ಒಂದು ಬದಿಗೆ ಮಾತ್ರ ರಾಶಿ ಹಾಕಬೇಕು. ಆಗ ಒಂದೇ ಗ್ರಿಲ್‌ನಲ್ಲಿ ನೇರ ಶಾಖದ ಭಾಗವೊಂದು, ಬರಿಯ ಕಾವಿನ ಭಾಗವೊಂದು ಸಿಗುತ್ತವೆ. ಜಾಲರಿಯಿಂದ ಸುಮಾರು ಅರ್ಧ ಗೇಣು ಎತ್ತರದಲ್ಲಿ ಅಂಗೈ ಹಿಡಿದರೆ, ಎರಡು ಮೂರು ಸೆಕೆಂಡಿಗೇ ಸಹಿಸಲಾಗದಿದ್ದರೆ ಶಾಖ ಜೋರು, ನಾಲ್ಕೈದು ಸೆಕೆಂಡು ತಡೆದರೆ ಮಧ್ಯಮ ಎಂದು ತಿಳಿಯಬಹುದು. ಕೋಳಿಯ ಕಾಲನ್ನು ಕೆಂಡವಿಲ್ಲದ ಬದಿಯಲ್ಲಿಟ್ಟು, ಮುಚ್ಚಳ ಹಾಕಿ, ಮೇಲಿನ ಗಾಳಿಕಿಂಡಿ ಮಾಂಸದ ನೇರಕ್ಕೆ ಬರುವಂತೆ ತಿರುಗಿಸಿದರೆ ಹೊಗೆ ಮತ್ತು ಕಾವು ಅದನ್ನು ಹಾದೇ ಹೊರಬೀಳುತ್ತವೆ. ಸುಮಾರು 35–40 ನಿಮಿಷಗಳ ಬಳಿಕ ಕೆಂಡದ ಬದಿಗೆ ತಂದು ಚರ್ಮ ಗರಿಗರಿಯಾಗಿಸಬೇಕು. ಮೂಳೆಯ ಬಳಿ ಶಾಖ 74 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಬೆಂದಿದೆ ಎಂದರ್ಥ. ಅಳೆಯಲು ಅಡುಗೆಯ ಥರ್ಮಾಮೀಟರ್ ಇಟ್ಟುಕೊಳ್ಳುವುದು ಲೇಸು. ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಎದ್ದರೆ ನೀರು ಎರಚದೆ, ತುಂಡನ್ನು ಪಕ್ಕಕ್ಕೆ ಸರಿಸಿ ಮುಚ್ಚಳ ಹಾಕಬೇಕು. ಬೆಲ್ಲ ಅಥವಾ ಜೇನು ಬೆರೆತ ಮಸಾಲೆಯನ್ನು ಕೊನೆಯ ಐದು ನಿಮಿಷಗಳಲ್ಲಿ ಮಾತ್ರ ಸವರಬೇಕು, ಇಲ್ಲವಾದರೆ ಸೀದು ಕಹಿಯಾಗುತ್ತದೆ.

ಬಂಗುಡೆಗೆ ಗೀರು ಹಾಕಿ ಮಸಾಲೆ ಹಚ್ಚಿದ ಮೇಲೆ ಜಾಲರಿಗೂ ಮೀನಿಗೂ ಎಣ್ಣೆ ಸವರಿ, ಅದು ತಾನಾಗಿ ಜಾಲರಿ ಬಿಡುವವರೆಗೆ ಮುಟ್ಟಬಾರದು. ಅವಸರದಲ್ಲಿ ತಿರುವಿದರೆ ಚರ್ಮವೆಲ್ಲ ಜಾಲರಿಗೇ ಅಂಟುತ್ತದೆ. ಸಸ್ಯಾಹಾರಿಗಳಿಗೂ ಈ ಒಲೆ ಅಷ್ಟೇ ಉಪಕಾರಿ. ಗುಂಡು ಬದನೆಕಾಯಿಗೆ ಎರಡು ಕಡೆ ಚುಚ್ಚಿ ಕೆಂಡದ ಮೇಲೆ ತಿರುಗಿಸುತ್ತಾ ಸುಟ್ಟರೆ, ಸಿಪ್ಪೆ ಕಪ್ಪಾಗಿ ಬಿರಿದು ತೊಟ್ಟಿನ ಬಳಿ ರಸ ಜಿನುಗತೊಡಗುತ್ತದೆ. ಅದರ ಗೊಜ್ಜಿಗೆ ಬರುವ ಹೊಗೆಯ ರುಚಿ ಗ್ಯಾಸ್ ಉರಿಯಲ್ಲಿ ಸುಟ್ಟದ್ದಕ್ಕೆ ಬರುವುದಿಲ್ಲ. ಗೆಣಸನ್ನು ಇಳಿಶಾಖದಲ್ಲಿ ನಿಧಾನವಾಗಿ ಸುಡಬೇಕು.

ಉರಿಯುವ ಇದ್ದಿಲು ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಮನೆಯೊಳಗೆ, ಗಾಜು ಹಾಕಿಸಿದ ಬಾಲ್ಕನಿಯಲ್ಲಿ, ಕಾರು ನಿಲ್ಲಿಸುವ ಮುಚ್ಚಿದ ಜಾಗದಲ್ಲಿ ಗ್ರಿಲ್ ಬಳಸಲೇಬಾರದು. ಮಳೆ ಬಂತೆಂದು ಅರೆ ಉರಿಯುವ ಕೆಂಡವನ್ನು ಒಳಗೆ ತರುವುದೂ ಸಲ್ಲದು. ತಾರಸಿಯಲ್ಲಿ ಪ್ಲಾಸ್ಟಿಕ್ ನೀರಿನ ಟ್ಯಾಂಕು, ಸೋಲಾರ್ ಹೀಟರಿನ ಕೊಳವೆ, ಬಟ್ಟೆ ಒಣಗಿಸುವ ಹಗ್ಗ ಇವುಗಳಿಂದ ಹತ್ತಡಿ ದೂರವಿಟ್ಟು, ಕೆಳಗೆ ಇಟ್ಟಿಗೆ ಹಾಸಿದರೆ ನೆಲದ ವಾಟರ್‌ಪ್ರೂಫಿಂಗ್ ಲೇಪವೂ ಉಳಿಯುತ್ತದೆ.

ಅಡುಗೆ ಮುಗಿದ ಮೇಲೆ ಎರಡೂ ಕಿಂಡಿಗಳನ್ನು ಮುಚ್ಚಿದರೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಬೂದಿಯೊಳಗಿನ ಕೆಂಡ ಮರುದಿನದವರೆಗೂ ಜೀವಂತವಾಗಿರಬಹುದಾದ್ದರಿಂದ ಅದನ್ನು ಕೂಡಲೇ ಕಸದ ಬುಟ್ಟಿಗೆ ಸುರಿಯಬಾರದು. ಜಾಲರಿ ಬಿಸಿಯಿರುವಾಗಲೇ ಇಕ್ಕಳದಲ್ಲಿ ಹಿಡಿದ ತೆಂಗಿನ ನಾರಿನಿಂದ ಬೇಗ ಬೇಗ ಉಜ್ಜಬೇಕು. ತಂತಿಯ ಬ್ರಷ್‌ನ ಎಳೆ ಕಳಚಿ ತಿನಿಸಿಗೆ ಸೇರುವ ಭಯ ಇದರಲ್ಲಿಲ್ಲ. ಪೂರ್ತಿ ತಣಿದ ಬೂದಿಯನ್ನು ತಳದಲ್ಲಿ ಬಿಡದೆ ತೆಗೆದುಹಾಕಬೇಕು, ಏಕೆಂದರೆ ತೇವ ಹೀರಿದ ಬೂದಿ ತಗಡನ್ನು ತಿನ್ನುತ್ತದೆ. ಮರದ ಇದ್ದಿಲಿನ ಬೂದಿಯಾದರೆ ಒಂದೊಂದು ಚಮಚೆ ಗಿಡಗಳ ಬುಡಕ್ಕೆ ಹಾಕಬಹುದು. ಅದು ಮಣ್ಣಿನ ಹುಳಿಯನ್ನು ತಗ್ಗಿಸುವುದರಿಂದ ಹೆಚ್ಚು ಹಾಕಬಾರದು, ಬ್ರಿಕೆಟ್ ಬೂದಿಯನ್ನಂತೂ ಗಿಡಗಳಿಗೆ ಬಳಸದಿರುವುದೇ ಒಳಿತು.