ಮೊದಲು ಕೋಶ ತೆಗೆ, ಆಮೇಲೆ ವಿಕಿರಣ: ಮಕ್ಕಳ ನರಗಡ್ಡೆಗೆ ಜೋಡಿ ಚಿಕಿತ್ಸೆ

ನ್ಯೂರೋಬ್ಲಾಸ್ಟೋಮಾ ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳನ್ನು ಕಾಡುವ ಕ್ಯಾನ್ಸರ್. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲೋ ಬೆನ್ನುಮೂಳೆಯ ಪಕ್ಕದ ನರಗಳಲ್ಲೋ ಹುಟ್ಟುತ್ತದೆ. ಪತ್ತೆಯಾಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಮೂಳೆಗೋ ಅಸ್ಥಿಮಜ್ಜೆಗೋ ಹರಡಿರುತ್ತದೆ. ಕೀಮೊ, ಶಸ್ತ್ರಚಿಕಿತ್ಸೆ ಎಲ್ಲ ಮುಗಿದರೂ ಮರಳಿ ಬರುವ ಗಡ್ಡೆಗೆ ವಿಕಿರಣವನ್ನೂ ಕಾರ್-ಟಿ ಕೋಶಗಳನ್ನೂ (ಗಡ್ಡೆಯನ್ನು ಗುರುತಿಸುವಂತೆ ಪ್ರಯೋಗಾಲಯದಲ್ಲಿ ತಿದ್ದಿದ, ಮಗುವಿನದೇ ರೋಗನಿರೋಧಕ ಕೋಶಗಳು) ಜೋಡಿಸುವ ಯತ್ನ ಇನ್ನೂ ಸಂಶೋಧನೆಯ ಹಂತದಲ್ಲಿದೆ. ಅದರ ಜೀವಾಳವಿರುವುದು ಯಾವುದು ಮೊದಲು, ಯಾವುದು ನಂತರ ಎಂಬುದರಲ್ಲಿ.

ಮೊದಲ ಹೆಜ್ಜೆ ಸ್ಕ್ಯಾನ್. ಎಂಐಬಿಜಿ ಎಂಬ ಔಷಧ ನಾರ್‌ಅಡ್ರಿನಲಿನ್ ಹಾರ್ಮೋನನ್ನು ಹೋಲುವುದರಿಂದ ಗಡ್ಡೆಯ ಕೋಶಗಳು ಅದನ್ನು ಒಳಗೆಳೆದುಕೊಳ್ಳುತ್ತವೆ. ಹತ್ತರಲ್ಲಿ ಸುಮಾರು ಒಂಬತ್ತು ಗಡ್ಡೆಗಳು ಹೀಗೆ ಎಳೆದುಕೊಳ್ಳುತ್ತವೆ. ಎಳೆದುಕೊಳ್ಳದಿದ್ದರೆ ಈ ದಾರಿ ಅಲ್ಲಿಗೇ ನಿಂತಿತು.

ಎರಡನೆಯದು, ವಿಕಿರಣಕ್ಕೆ ಮುಂಚೆಯೇ ಮಗುವಿನ ರಕ್ತದಿಂದ ಟಿ ಕೋಶ ಎಂಬ ರೋಗನಿರೋಧಕ ಕೋಶಗಳನ್ನು ತೆಗೆದಿಡುವುದು. ಈ ಕೋಶಗಳು ವಿಕಿರಣಕ್ಕೆ ಬೇಗ ಸಾಯುತ್ತವೆ. ಆಮೇಲೆ ತೆಗೆಯಹೊರಟರೆ ಸಿಗುವುದು ಬಳಲಿದ ಕೋಶಗಳು. ವಿಕಿರಣದಿಂದ ಮಜ್ಜೆ ಸೊರಗಬಹುದೆಂದು ರಕ್ತ ಹುಟ್ಟಿಸುವ ಕಾಂಡಕೋಶಗಳನ್ನೂ ಕೂಡಿಡುತ್ತಾರೆ. ಪ್ರಯೋಗಾಲಯದಲ್ಲಿ ಟಿ ಕೋಶಗಳಿಗೆ, ಗಡ್ಡೆಯ ಮೈಮೇಲಿನ ಜಿಡಿ2 ಎಂಬ ಗುರುತನ್ನು ಹಿಡಿಯುವ ಜೀನ್ ಸೇರಿಸಿ ಬೆಳೆಸುತ್ತಾರೆ. ಇವೇ ಕಾರ್-ಟಿ ಕೋಶಗಳು.

ಮನೆಯವರಿಗೆ ಕಷ್ಟವೆನಿಸುವುದು ಮೂರನೆಯ ಹೆಜ್ಜೆ. ವಿಕಿರಣಶೀಲ ಅಯೋಡಿನ್-131 ಸೇರಿದ ಎಂಐಬಿಜಿಯನ್ನು ರಕ್ತನಾಳಕ್ಕೆ ಹಾಯಿಸುತ್ತಾರೆ. ಥೈರಾಯ್ಡ್ ಕಾಪಾಡಲು ಮೊದಲೇ ಅಯೋಡೈಡ್ ಹನಿಗಳನ್ನು ಕೊಟ್ಟಿರುತ್ತಾರೆ. ಮಗು ಸೀಸದ ಗೋಡೆಯ ಕೋಣೆಯಲ್ಲಿ ಕೆಲವು ದಿನ ಇರಬೇಕು. ಮೂತ್ರದಲ್ಲೂ ವಿಕಿರಣ ಇರುವುದರಿಂದ ಕ್ಯಾತಿಟರ್ ಹಾಕುತ್ತಾರೆ. ಒಳಗೆ ಹೋದ ಗೊಂಬೆಯನ್ನೂ ಮೀಟರ್ ಹಿಡಿದು ನೋಡದೆ ಹೊರಗೆ ಬಿಡುವುದಿಲ್ಲ. ಅಮ್ಮನೋ ಅಪ್ಪನೋ ಹತ್ತಿರ ಕೂರುವ ಹೊತ್ತಿಗೂ ಲೆಕ್ಕವಿದೆ.

ಅಯೋಡಿನ್ನಿನ ಬೀಟಾ ಕಣಗಳು ಒಂದೆರಡು ಮಿಲಿಮೀಟರ್‌ನಷ್ಟೇ ಸಾಗುತ್ತವೆ. ಸಾಯುವ ಗಡ್ಡೆಯ ಕೋಶಗಳು ಅಪಾಯದ ಸೂಚನೆಗಳನ್ನು ಹೊರಬಿಡುತ್ತವೆ, ರೋಗನಿರೋಧಕ ಕೋಶಗಳು ಅತ್ತ ಬರುತ್ತವೆ. ಸುತ್ತ ಬಿಗಿದ ಗಡ್ಡೆಯೊಳಗೆ ನುಗ್ಗಲಾಗದೆ ಸೋಲುವ ಕಾರ್-ಟಿಗೆ ಬೇಕಾದದ್ದೂ ಇದೇ.

ಮುಂದಿನದು ಕಾಯುವಿಕೆ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯುವ ಅವಧಿ, 8 ದಿನ. ಅವಸರಪಟ್ಟರೆ ಹೊಸ ಕೋಶಗಳೂ ಸುಟ್ಟುಹೋಗುತ್ತವೆ. ತಡವಾದರೆ ಉಳಿದ ಗಡ್ಡೆ ಚೇತರಿಸಿಕೊಳ್ಳುತ್ತದೆ. ಈ ಹೊತ್ತು ಹೊಂದಿಸುವುದು ಕಾರ್-ಟಿ ತಯಾರಿಸುವಷ್ಟೇ ಸೂಕ್ಷ್ಮವಾದ ಕೆಲಸ ಎಂದು ನನ್ನ ಅಭಿಪ್ರಾಯ. ಆಮೇಲೆ ಫ್ಲುಡರಾಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕೀಮೊ ಔಷಧ ಕೊಟ್ಟು, ಹಳೆಯ ರೋಗನಿರೋಧಕ ಕೋಶಗಳನ್ನು ತಗ್ಗಿಸಿ ದೇಹದಲ್ಲಿ ಜಾಗ ಮಾಡಿ, ಕಾರ್-ಟಿ ಕೋಶಗಳನ್ನು ಏರಿಸುತ್ತಾರೆ. ಈ ಕೋಶಗಳ ಅಬ್ಬರಕ್ಕೆ ಜ್ವರ ಏರಿ ಬಿಪಿ ಇಳಿದರೆ, ಅದನ್ನು ತಣಿಸುವ ಟೋಸಿಲಿಜುಮ್ಯಾಬ್ ಔಷಧ ಸಿದ್ಧವಿರಬೇಕು.

ವಿಕಿರಣವಿಲ್ಲದೆ ಬರೀ ಜಿಡಿ2 ಕಾರ್-ಟಿ ಕೊಟ್ಟ ರೋಮ್‌ನ ಬಂಬಿನೊ ಜೆಸು ಆಸ್ಪತ್ರೆಯ 2023ರ ವರದಿಯಲ್ಲಿ 27 ಮಕ್ಕಳ ಪೈಕಿ 17 ಮಂದಿಗೆ ಫಲ ಕಂಡಿತ್ತು. ಅದೇ ವರ್ಷ ಭಾರತದಲ್ಲಿ ಅನುಮತಿ ಪಡೆದ ದೇಶಿ ಕಾರ್-ಟಿ, ನೆಕ್ಸ್‌ಕಾರ್19, ಹುಡುಕುವುದು ಸಿಡಿ19 ಎಂಬ ಗುರುತನ್ನು. ಅದು ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ, ಈ ಗಡ್ಡೆಗಲ್ಲ.