ಮೀನಿಲ್ಲದ ದಾಶಿ, ವರ್ಷಾಂತ್ಯದ ಸೋಬಾ: ನನ್ನ ಅನುಭವ

ಕತ್ಸುವೊಬುಶಿ (ಹೊಗೆಯಾಡಿಸಿ ಒಣಗಿಸಿದ ಕತ್ಸುವೊ ಮೀನಿನ ಚಕ್ಕೆ) ಹಾಕದೆ ತೋಶಿಕೋಶಿ ಸೋಬಾದ, ಅಂದರೆ ಜಪಾನಿನಲ್ಲಿ ವರ್ಷದ ಕೊನೆಯ ರಾತ್ರಿ ತಿನ್ನುವ ಬಕ್‌ವೀಟ್ ನೂಡಲ್‌ನ, ಸಾರು ಆಗುವುದೇ ಇಲ್ಲ, ಮಾಡಿದರೂ ಬಿಸಿನೀರಿಗೆ ಸೋಯಾ ಸಾಸ್ ಕಲಸಿದ ಹಾಗಿರುತ್ತದೆ ಎಂಬ ಮಾತನ್ನು ಸೋಬಾ ಬಲ್ಲವರಿಂದ ನಾಲ್ಕು ಚಳಿಗಾಲ ಕೇಳಿದ್ದೇನೆ. ಮೊದಲ ಮೂರು ವರ್ಷ ಅವರು ಹೇಳಿದ್ದೇ ನಿಜವಾಯಿತು. ಕಳೆದ ಡಿಸೆಂಬರ್ 31ರ ರಾತ್ರಿ ಆರು ಬಟ್ಟಲು ಬಡಿಸಿದೆ, ಆರೂ ತಳ ಕಂಡವು. ಮೀನಿನ ದಾಶಿ (ಸಾರಿನ ಮೂಲ ರಸ) ಕುಡಿದೇ ಬೆಳೆದ ಇಬ್ಬರು ಯಾವ ಕತ್ಸುವೊ ತಂದಿರಿ ಎಂದು ಕೇಳಿದರು. ಹಾಗಾಗಿ ಈಗ ಧೈರ್ಯದಿಂದ ಬರೆಯುತ್ತಿದ್ದೇನೆ. ಕೊಂಬು (ದಾಶಿಗೆ ಹಾಕುವ ಒಣ ಕಡಲಪಾಚಿ) ಒರೆಸುವುದು, ಸೋಬಾ ತಣ್ಣೀರಲ್ಲಿ ಉಜ್ಜಿ ತೊಳೆಯುವುದು ಗೊತ್ತಿರುವವರಿಗಾಗಿ ಇದು. ಅವನ್ನೆಲ್ಲ ಮತ್ತೆ ಹೇಳುವುದಿಲ್ಲ.

ಮೊದಲು ಸೋತದ್ದು ಹೇಗೆ ಅಂತ ಹೇಳುತ್ತೇನೆ. ಮೀನು ಬಿಟ್ಟೆವಲ್ಲ, ಉಳಿದದ್ದನ್ನು ಎರಡು ಪಟ್ಟು ಹಾಕೋಣ ಎಂಬುದು ಮೊದಲ ವರ್ಷದ ತಪ್ಪು. ಲೀಟರಿಗೆ ಸುಮಾರು 30 ಗ್ರಾಂ ಕೊಂಬು, ಅಷ್ಟೇ ಒಣ ಶಿಟಾಕೆ ಅಣಬೆ, ಎರಡನ್ನೂ ಒಂದೇ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿದೆ. ಕಷಾಯದ ಬಣ್ಣ ಬಂತು, ನಾಲಿಗೆ ಮೇಲೆ ಲೋಳೆ, ನುಂಗಿದ ಮೇಲೆ ಒಗರು. ಕೊಂಬು ಕುದಿದರೆ ಅದರೊಳಗಿನ ಆಲ್ಜಿನೇಟ್ ನೀರಿಗೆ ಇಳಿದು ಲೋಳೆಯಾಗುತ್ತದೆ, ಸಮುದ್ರದ ಕಮಟು ವಾಸನೆಯೂ ಬರುತ್ತದೆ. ಶಿಟಾಕೆ ಜಾಸ್ತಿಯಾದರೆ ಔಷಧಿ ಅಂಗಡಿ ವಾಸನೆ. ಎರಡನೇ ವರ್ಷ ಸಮಯ ಉಳಿಸಲು ಹೋಗಿ ಶಿಟಾಕೆಯನ್ನು ಬಿಸಿನೀರಲ್ಲಿ ನೆನೆಹಾಕಿದೆ. ಅಣಬೆ ಮೆತ್ತಗಾಯಿತು, ರುಚಿ ಮಾತ್ರ ಬರಲೇ ಇಲ್ಲ. ಮೂರನೇ ವರ್ಷ ಪೊಟ್ಟಣದ ಕೊಂಬು ದಾಶಿ ಪುಡಿ. ಅಗ್ಗ ನಿಜ, ಆದರೆ ಮೊದಲ ಗುಟುಕಿಗೆ ಇದ್ದ ರುಚಿ ಎರಡನೆಯದಕ್ಕೆ ಇರಲಿಲ್ಲ. ಬರೀ ಉಪ್ಪು ನಿಂತಿತು. ಮೂರು ವರ್ಷದಲ್ಲಿ ಚರಂಡಿಗೆ ಚೆಲ್ಲಿದ ಸಾಮಾನಿನ ಬೆಲೆ ಹತ್ತು ಸಾವಿರ ಯೆನ್‌ಗೆ ಕಡಿಮೆ ಇರಲಿಕ್ಕಿಲ್ಲ.

ಜಪಾನಿನ ರಸಾಯನಶಾಸ್ತ್ರಜ್ಞ ಇಕೆಡಾ ಕಿಕುನಾಯೆ 1908ರಲ್ಲಿ ಕೊಂಬುವಿನ ರುಚಿಯಂಶ ಗ್ಲುಟಮೇಟ್ ಎಂದು ಕಂಡುಹಿಡಿದದ್ದು, ಶಿಟಾಕೆಯ ರುಚಿಯಂಶ ಗ್ವಾನಿಲೇಟ್ ಅದರ ಜೊತೆ ಸೇರಿದರೆ ರುಚಿ ಹಲವು ಪಟ್ಟು ಏರುವುದು, ಇದೆಲ್ಲ ಎಲ್ಲರಿಗೂ ಗೊತ್ತು. ನನಗೆ ಕೆಲಸಕ್ಕೆ ಬಂದ ಸಂಗತಿ ಒಂದೇ: ಗ್ವಾನಿಲೇಟ್ ಒಣ ಶಿಟಾಕೆಯಲ್ಲಿ ರೆಡಿಯಾಗಿ ಕೂತಿರುವುದಿಲ್ಲ. ನೆನೆದ ಅಣಬೆಯನ್ನು ಕಾಯಿಸುವಾಗ 60ರಿಂದ 70 ಡಿಗ್ರಿ ನಡುವೆ ಅದು ಹುಟ್ಟುತ್ತದೆ. ಅದಕ್ಕಿಂತ ಕೆಳಗಿನ ಉಗುರುಬೆಚ್ಚಗಿನ ಹಂತದಲ್ಲಿ ಹೆಚ್ಚು ಹೊತ್ತು ನಿಂತರೆ ಹುಟ್ಟಿದ್ದೂ ಒಡೆದುಹೋಗುತ್ತದೆ. ಅಂದರೆ ಫ್ರಿಜ್‌ನಲ್ಲಿ ತಣ್ಣಗೆ ನೆನೆಸಬೇಕು, ಆಮೇಲೆ ಅಣಬೆ ಸಮೇತ ಬೇಗ ಕಾಯಿಸಬೇಕು, 65-70ರಲ್ಲಿ ಸ್ವಲ್ಪ ಹೊತ್ತು ಹಿಡಿಯಬೇಕು. ಕೊಂಬುವಿಗೆ ಬೇಕಾದದ್ದು 60 ಡಿಗ್ರಿ, ಹೆಚ್ಚು ಹೊತ್ತು. ಎರಡರ ಹದ ಬೇರೆ, ಆದ್ದರಿಂದ ಪಾತ್ರೆಯೂ ಬೇರೆ. ಇಷ್ಟು ತಿಳಿದ ದಿನವೇ ಅರ್ಧ ಗೆದ್ದಂತಾಯಿತು.

ಈಗ ನಾನು ಮಾಡುವ ಲೆಕ್ಕ, ಮೂರು ಬಟ್ಟಲಿಗೆ. ದೊಡ್ಡ ಪಾತ್ರೆಯಲ್ಲಿ 700 ಮಿಲಿ ನೀರು, 15 ಗ್ರಾಂ ರಿಶಿರಿ ಜಾತಿಯ ಕೊಂಬು, ಜೊತೆಗೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದ 25 ಗ್ರಾಂ ಸೋಯಾ ಕಾಳು. ಸಿಪ್ಪೆ ಸೀಳಿ, ಹುರಿಗಡಲೆ ಘಮ ಬರುವತನಕ ಹುರಿಯಬೇಕು. ಚುಕ್ಕೆ ಕಪ್ಪಾದರೆ ಕಹಿ. ಜಪಾನಿನ ದೇವಾಲಯಗಳ ಶೋಜಿನ್ ಅಡುಗೆಯಲ್ಲಿ ಮೀನಿನ ಜಾಗವನ್ನು ಹೀಗೆ ಹುರಿದ ಸೋಯಾ ಕಾಳಿನಿಂದ ತುಂಬುವ ಪದ್ಧತಿ ಇದೆ. ನಮ್ಮ ಮಠದ ಅಡುಗೆಯ ಹಾಗೆ ಅಲ್ಲೂ ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಚಿಕ್ಕ ಡಬ್ಬಿಯಲ್ಲಿ 300 ಮಿಲಿ ತಣ್ಣೀರು, 10 ಗ್ರಾಂ ಶಿಟಾಕೆ, ಅಂದರೆ ಮಧ್ಯಮ ಗಾತ್ರದ ಮೂರು. ಎರಡೂ ಡಿಸೆಂಬರ್ 30ರ ರಾತ್ರಿ ಫ್ರಿಜ್‌ಗೆ.

31ರ ಮಧ್ಯಾಹ್ನ ಕೊಂಬು ಪಾತ್ರೆಯನ್ನು 60 ಡಿಗ್ರಿಗೆ ತಂದು ಮುಕ್ಕಾಲು ಗಂಟೆ ಇಡುತ್ತೇನೆ. ಥರ್ಮಾಮೀಟರ್ ಇಲ್ಲದೆ ಇದನ್ನು ಮಾಡಬೇಡಿ, 1,500 ಯೆನ್‌ಗೆ ಸಿಗುತ್ತದೆ, ಅದು ಉಳಿಸುವ ಕೊಂಬುವಿನ ಬೆಲೆ ಅದಕ್ಕಿಂತ ಹೆಚ್ಚು. ಕೊಂಬುವಿನ ಅಂಚಿಗೆ ಉಗುರು ಒತ್ತಿದರೆ ಸಲೀಸಾಗಿ ಇಳಿಯಬೇಕು, ಅದೇ ಗುರುತು. ತೆಗೆದು ಸೋಸಿ. ಶಿಟಾಕೆಯನ್ನು ಜೋರು ಉರಿಯಲ್ಲಿ 65ಕ್ಕೆ ತಂದು ಹತ್ತು ನಿಮಿಷ ಅಲ್ಲೇ ಹಿಡಿಯಿರಿ, ಆಮೇಲೆ ಮುಚ್ಚಳ ಇಲ್ಲದೆ ಒಂದು ಕುದಿ ಬರಿಸಿ ನೊರೆ ತೆಗೆಯಿರಿ. ಆ ಒಂದು ಕುದಿಯಲ್ಲೇ ಅಣಬೆಯ ಹಸಿ ವಾಸನೆ ಹಾರಿಹೋಗುತ್ತದೆ. ಅಣಬೆ ಹಿಂಡಬಾರದು. ಹಿಂಡಿದರೆ ಕಂದು ಬಗ್ಗಡ ಇಳಿದು ಸಾರು ಮಂಕಾಗುತ್ತದೆ.

ಬೆರೆಸುವಾಗ ಪೂರ್ತಿ ಸುರಿಯುವ ಆಸೆ ತಡೆದುಕೊಳ್ಳಿ. ಕೊಂಬು ನೀರಿಗೆ ಶಿಟಾಕೆ ನೀರು 200 ಮಿಲಿ ಸಾಕು. ಕಾಲು ಪಾಲು ದಾಟಿದರೆ ಸೋಬಾದ ಬಕ್‌ವೀಟ್ ಘಮ ಸತ್ತುಹೋಗಿ ಬಟ್ಟಲೆಲ್ಲ ಅಣಬೆಯೇ ಆಗುತ್ತದೆ. ಉಳಿದದ್ದು ನಿಶಿಮೆಗೆ, ಅಂದರೆ ಹೊಸ ವರ್ಷದ ಬೇಯಿಸಿದ ತರಕಾರಿಗೆ.

ನೀರಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಟೋಕಿಯೊ ಕಡೆ ನಲ್ಲಿ ನೀರೇ ಮೆದು, ಏನೂ ಮಾಡಬೇಕಿಲ್ಲ. ಬೆಂಗಳೂರಲ್ಲಿ ಬೋರ್‌ವೆಲ್ ನೀರಲ್ಲಿ ಇದೇ ಕೊಂಬು ಹಾಕಿದರೆ ಮೇಲೆ ಬೂದು ಕೆನೆ ಕಟ್ಟುತ್ತದೆ, ರುಚಿ ಇಳಿಯುವುದಿಲ್ಲ. ನೀರಿನ ಸುಣ್ಣದಂಶ ಕೊಂಬುವನ್ನು ಬಿಗಿಹಿಡಿಯುತ್ತದೆ. ಅಲ್ಲಿ ಆರ್‌ಒ ನೀರೇ ಗತಿ.

ಕೊಂಬು ಕೊಳ್ಳುವಾಗ ಒಂದು ಉಳಿತಾಯ. ನಾನು ಕೊಂಡಾಗ ಒಂದನೇ ದರ್ಜೆಯ ರಿಶಿರಿ 100 ಗ್ರಾಂಗೆ 1,500 ಯೆನ್ ಆಸುಪಾಸು ಇತ್ತು. ಅದರದೇ ಅಂಚು, ತುಂಡುಗಳ ಚೀಲ ಹೆಚ್ಚುಕಡಿಮೆ ಅರ್ಧ ಬೆಲೆಗೆ ಸಿಗುತ್ತದೆ, ದಾಶಿಗೆ ಏನೂ ಫರಕಿಲ್ಲ. ಹಿಡಾಕಾ ಕೊಂಬು ಇನ್ನೂ ಅಗ್ಗ, ಆದರೆ ಅದು ಬೇಗ ಬೇಯುವ ಜಾತಿ, ಬೇಯಿಸಿ ತಿನ್ನಲು ಚೆನ್ನ, ದಾಶಿ ತೆಳು. ಶಿಟಾಕೆಯಲ್ಲಿ ದಪ್ಪ ಮೊಗ್ಗಿನಂಥ ದೊಂಕೊ ದುಬಾರಿ. ದಾಶಿಗೆ ಅರಳಿದ, ತೆಳು ಕೋಶಿನ್ ಸಾಕು, ನೆನೆಯುವುದೂ ಬೇಗ. ಓಯಿತ ಪ್ರಾಂತ್ಯದ್ದು ಎಂದಿದ್ದರೆ ಕಣ್ಣುಮುಚ್ಚಿ ತರುತ್ತೇನೆ. ಆ ಬೆಲೆಗೆ ಎಲ್ಲ ಸೇರಿ ನನ್ನ ದಾಶಿ ಲೀಟರಿಗೆ 300 ಯೆನ್ ಒಳಗೆ ಬಿತ್ತು.

ಕಾಯೆಶಿಯನ್ನು (ದಾಶಿಗೆ ಬೆರೆಸುವ ಸಿಹಿ ಸೋಯಾ ಸಾಸ್) ಡಿಸೆಂಬರ್ 20ರ ಹೊತ್ತಿಗೇ ಮಾಡಿಡಬೇಕು. 100 ಮಿಲಿ ಹೊನ್ ಮಿರಿನ್ (ಅಡುಗೆಯ ಸಿಹಿ ಅಕ್ಕಿ ಮದ್ಯ) ಕುದಿಸಿ ಮದ್ಯದ ಘಾಟು ಹೋಗಲು ಬಿಡಿ, 85 ಗ್ರಾಂ ಸಕ್ಕರೆ ಕರಗಿಸಿ, 500 ಮಿಲಿ ಕೊಯಿಕುಚಿ (ಮಾಮೂಲಿ ಕಡುಬಣ್ಣದ) ಸೋಯಾ ಸಾಸ್ ಸುರಿಯಿರಿ. ಮೇಲೆ ತೆಳು ನೊರೆ ಉಂಗುರ ಕಟ್ಟಿದಾಗ, ಸುಮಾರು 80 ಡಿಗ್ರಿಗೆ, ಒಲೆ ಆರಿಸಿ. ಕುದಿದರೆ ಸೋಯಾ ಸಾಸಿನ ಪರಿಮಳ ಹೋಗಿ ಸುಟ್ಟ ಉಪ್ಪು ಉಳಿಯುತ್ತದೆ. ಹತ್ತು ದಿನ ಇಟ್ಟರೆ ಮೊನೆ ಮುರಿದು ದುಂಡಗಾಗುತ್ತದೆ. ಮಿರಿನ್ ಫೂ ಎಂದು ಬರೆದ ಅಗ್ಗದ ಬಾಟಲಿ ಬೇಡ, ಅದು ಸಕ್ಕರೆ ಪಾಕ. ಬಿಸಿ ಸೋಬಾಕ್ಕೆ ಒಂದು ಪಾಲು ಕಾಯೆಶಿಗೆ ಒಂಬತ್ತು ಪಾಲು ದಾಶಿ.

ಇಷ್ಟಾದರೂ ಒಂದು ಕೊರತೆ ಇತ್ತು. ಬಾಯಿ ತುಂಬುತ್ತಿತ್ತು, ಮೂಗು ತುಂಬುತ್ತಿರಲಿಲ್ಲ. ಕತ್ಸುವೊಬುಶಿ ಕೊಡುವುದು ರುಚಿಯೊಂದನ್ನೇ ಅಲ್ಲ, ಹೊಗೆಯನ್ನೂ. ಮೂರು ದಾರಿ ನೋಡಿದೆ. ಹೊಗೆಯಾಡಿಸಿದ ಸೋಯಾ ಸಾಸ್ ದುಬಾರಿ, ಜೊತೆಗೆ ಪೂರ್ತಿ ಸಾರು ಒಂದೇ ವಾಸನೆ. ಆಕಿತದ ಇಬುರಿಗಕ್ಕೊ, ಅಂದರೆ ಹೊಗೆಯಲ್ಲಿ ಒಣಗಿಸಿ ತೌಡಿನಲ್ಲಿ ಹಾಕಿದ ಮೂಲಂಗಿ ಉಪ್ಪಿನಕಾಯಿ, ಎರಡು ಬಿಲ್ಲೆ ಬಿಸಿ ದಾಶಿಯಲ್ಲಿ ಐದು ನಿಮಿಷ ಅದ್ದಿ ತೆಗೆದೆ. ಹೊಗೆ ಚೆನ್ನಾಗಿ ಬಂತು, ಹತ್ತು ನಿಮಿಷ ಬಿಟ್ಟಾಗ ಹುಳಿಯೂ ಬಂತು. ಈಗ ನಾನು ನೆಚ್ಚಿರುವುದು ನೆಗಿ, ಅಂದರೆ ಜಪಾನಿನ ಉದ್ದ ಈರುಳ್ಳಿ. ನಾಲ್ಕು ಸೆಂಟಿಮೀಟರ್ ತುಂಡು ಮಾಡಿ, ಎಣ್ಣೆ ಹಾಕದ ಕಬ್ಬಿಣದ ಕಾವಲಿಯಲ್ಲಿ ಅಲುಗಾಡಿಸದೆ ಇಟ್ಟು, ಒಂದು ಮಗ್ಗುಲು ಪೂರ್ತಿ ಕಪ್ಪಾದ ಮೇಲೆ ಹೊರಳಿಸುವುದು. ಒಳಗಿನ ರಸ ಚುಯ್ ಎಂದು ಕುದಿದು ತುದಿಯಲ್ಲಿ ಗುಳ್ಳೆ ಬರುವಾಗ ನೇರ ಸಾರಿಗೆ. ಬಟ್ಟಲಿಗೆ ಮೂರು ತುಂಡು. ಅದರ ಮೇಲೆ ಅಬುರಾಗೆ (ಕರಿದ ತೋಫು), ಬಿಸಿನೀರು ಹುಯ್ದು ಎಣ್ಣೆ ಇಳಿಸಿದ್ದು. ಬಡಿಸುವ ಕ್ಷಣದಲ್ಲಿ ಇನ್ನೂ ಮೂರು ಹನಿ ಬೀಳುತ್ತವೆ. ಅದು ಎಣ್ಣೆ ಎನ್ನುವಷ್ಟು ಹೇಳುತ್ತೇನೆ, ಯಾವುದರಲ್ಲಿ ಕಾಯಿಸಿದ ಎಣ್ಣೆ ಎಂಬುದು ನನ್ನ ಹತ್ತಿರವೇ ಇರಲಿ.

ಊರಿಂದ ತಂದ ಹುರುಳಿ ಇತ್ತು, ಕಟ್ಟಿನ ಸಾರಿನ ಗುಂಗಿನಲ್ಲಿ ಅದನ್ನೂ ಪ್ರಯೋಗಿಸಿದೆ. 50 ಗ್ರಾಂ ಬೇಯಿಸಿ ಬಸಿದ ಕಟ್ಟು 200 ಮಿಲಿ, ಶಿಟಾಕೆ ನೀರಿನ ಬದಲು. ಸೋಬಾಕ್ಕೆ ಒಗ್ಗಲಿಲ್ಲ, ಹುರುಳಿಯ ಮಣ್ಣಿನ ಘಾಟು ಬಕ್‌ವೀಟನ್ನು ಮುಚ್ಚಿಹಾಕಿತು. ಅದೇ ಕಟ್ಟಿಗೆ ಕೊಂಬು ನೀರು, ಎರಡು ಚಮಚ ಕೆಂಪು ಮಿಸೊ (ಹುದುಗಿಸಿದ ಸೋಯಾ ಮುದ್ದೆ), ದಪ್ಪ ಮೂಲಂಗಿ ಬಿಲ್ಲೆ, ಗಟ್ಟಿ ಮೊಮೆನ್ ತೋಫು ಸೇರಿದ ನಾಬೆ (ಒಂದೇ ಪಾತ್ರೆಯಲ್ಲಿ ಕುದಿಸಿ ಹಂಚಿ ತಿನ್ನುವ ಸಾರು) ಮಾತ್ರ ಬೇರೆಯೇ ಮಟ್ಟ. ಜನವರಿ 2ರ ರಾತ್ರಿ ನನ್ನ ಮನೆಯಲ್ಲಿ ಈಗ ಅದೇ. ಒಣ ಮೂಲಂಗಿ ಎಳೆ ಕಿರಿಬೊಶಿಯನ್ನೂ ದಾಶಿಗೆ ಹಾಕಿ ನೋಡಿದೆ. ಸಿಹಿ ಹೆಚ್ಚಾಯಿತು, ಮಿಸೊ ಸಾರಿಗೆ ಸರಿ, ಸೋಬಾಕ್ಕಲ್ಲ.

ಒಣ ಸೋಬಾ ಪೊಟ್ಟಣದ ಹಿಂದೆ ಮೊದಲ ಹೆಸರು ಗೋಧಿಹಿಟ್ಟು ಎಂದಿದ್ದರೆ ಅದರಲ್ಲಿ ಬಕ್‌ವೀಟ್‌ಗಿಂತ ಗೋಧಿಯೇ ಹೆಚ್ಚು, ವಾಪಸ್ ಇಡಿ. ಮೀನು ಅಡಗಿರುವ ಜಾಗ ಬೇರೆ. ಪೊನ್ಜು (ಹುಳಿ ಸಾಸ್), ಮೆನ್‌ತ್ಸುಯು (ರೆಡಿ ನೂಡಲ್ ಸಾರು), ‘ದಾಶಿ ಇರಿ’ (ದಾಶಿ ಸೇರಿಸಿದ) ಮಿಸೊ ಇವುಗಳಲ್ಲಿ ಹೆಚ್ಚಿನವು ಕತ್ಸುವೊ ಸಾರ ಸೇರಿದವೇ. ಅಲರ್ಜಿ ಚೌಕ ನೋಡಿ ಸಮಾಧಾನಪಡಬೇಡಿ. ಅಲ್ಲಿ ಹಾಲು, ಮೊಟ್ಟೆ, ಸಿಗಡಿ, ಏಡಿ ಕಾಣುತ್ತವೆ. ಕತ್ಸುವೊ ಆ ಕಡ್ಡಾಯ ಪಟ್ಟಿಯಲ್ಲೇ ಇಲ್ಲ. ಪದಾರ್ಥಗಳ ಸಾಲನ್ನೇ ಓದಬೇಕು, ‘ಕತ್ಸುವೊ’, ‘ಗ್ಯೊಕಾಯಿ’ (ಮೀನು, ಚಿಪ್ಪುಜೀವಿ) ಪದಗಳ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ. ಪೊನ್ಜು ಅಂತೂ ಮನೆಯಲ್ಲೇ ಸುಲಭ: ಯುಜು (ನಿಂಬೆ ಜಾತಿಯ ಹಣ್ಣು) ರಸ, ಸೋಯಾ ಸಾಸ್ ಸಮಪಾಲು, ಸ್ವಲ್ಪ ಮಿರಿನ್, ಬೆರಳುದ್ದ ಕೊಂಬು, ಒಂದು ವಾರ ಫ್ರಿಜ್. ದಕ್ಷಿಣಾಯನ ಮುಗಿಯುವ ತೋಜಿ ದಿನ, ಡಿಸೆಂಬರ್ 21-22ರ ಸುಮಾರಿಗೆ, ಸ್ನಾನದ ನೀರಿಗೆ ಹಾಕಲೆಂದು ಯುಜು ರಾಶಿ ಬಂದಿರುತ್ತದೆ. ಆಗಲೇ ಹಿಂಡಿಟ್ಟುಕೊಳ್ಳಿ.

ಕುರೊಮಾಮೆ (ಹೊಸ ವರ್ಷಕ್ಕೆ ಪಾಕದಲ್ಲಿ ಬೇಯಿಸುವ ಕಪ್ಪು ಸೋಯಾ ಕಾಳು) ಬಗ್ಗೆ ಕೇಳುವವರು ಹೆಚ್ಚು, ಯಾಕೆಂದರೆ ಎಲ್ಲರ ಕಾಳೂ ಸುಕ್ಕಾಗುತ್ತದೆ. ನನ್ನದೂ ಎರಡು ಸಲ ಆಯಿತು, ಎರಡು ಸಲವೂ ತಾಂಬಾ ಪ್ರದೇಶದ ದುಬಾರಿ ಕಾಳು, 200 ಗ್ರಾಂಗೆ ಸಾವಿರ ಯೆನ್ ಮೇಲೆ. ಬೆಂದ ಮೇಲೆ ಸಕ್ಕರೆ ಹಾಕಿದರೆ ಪಾಕ ಕಾಳಿನೊಳಗಿನ ನೀರನ್ನು ಎಳೆದುಕೊಳ್ಳುತ್ತದೆ, ಸಿಪ್ಪೆ ಸಡಿಲಾಗಿ ಉಳಿಯುತ್ತದೆ. ಅದಕ್ಕೇ ಪಾಕದಲ್ಲೇ ನೆನೆಸುವುದು. 1.2 ಲೀಟರ್ ನೀರು, 160 ಗ್ರಾಂ ಸಕ್ಕರೆ, ಎರಡು ಚಮಚ ಸೋಯಾ ಸಾಸ್, ಅರ್ಧ ಚಿಕ್ಕ ಚಮಚ ಉಪ್ಪು ಕುದಿಸಿ ಒಲೆ ಆರಿಸಿ, ತೊಳೆದ 200 ಗ್ರಾಂ ಕಾಳು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ನೊರೆ ತೆಗೆದು, ಕಾಳಿನ ಮೇಲೇ ಕೂರುವ ಒತೊಶಿಬುತ ಮುಚ್ಚಳ ಇಟ್ಟು, ಅತಿ ಸಣ್ಣ ಉರಿಯಲ್ಲಿ ಐದಾರು ಗಂಟೆ. ನೀರಿನ ಮಟ್ಟ ಕಾಳಿಗಿಂತ ಒಂದು ಬೆರಳು ಮೇಲೇ ಇರಬೇಕು, ಗಾಳಿ ತಾಕಿದ ಕಾಳು ತಕ್ಷಣ ಮುದುಡುತ್ತದೆ. ಬಣ್ಣಕ್ಕೆ ಜಪಾನಿನವರು ತುಕ್ಕು ಹಿಡಿದ ಮೊಳೆ ಬಟ್ಟೆಯಲ್ಲಿ ಕಟ್ಟಿ ಹಾಕುತ್ತಾರೆ. ನಾನು ಎರಕದ ಕಬ್ಬಿಣದ ಪಾತ್ರೆಯಲ್ಲೇ ಬೇಯಿಸುತ್ತೇನೆ, ಹೊಳೆಯುವ ಕಪ್ಪು ಬರುತ್ತದೆ. ಕುಕ್ಕರ್‌ನಲ್ಲೂ ಆಗುತ್ತದೆ, ಆದರೆ ಒತ್ತಡ ತಾನಾಗಿ ಇಳಿಯಬೇಕು. ವಿಷಲ್ ಎತ್ತಿದರೆ ಸಿಪ್ಪೆ ಎಲ್ಲ ಬಿರಿಯುತ್ತವೆ. ಆರಿದ ಮೇಲೆ ಇನ್ನೊಂದು ರಾತ್ರಿ ಪಾಕದಲ್ಲೇ ಇರಲಿ. 28ಕ್ಕೆ ನೆನೆಹಾಕಿದರೆ ಲೆಕ್ಕ ಸರಿ.

ಜನವರಿ 1ರ ಓಝೋನಿಗೆ, ಅಂದರೆ ಮೋಚಿ (ಅಂಟಕ್ಕಿಯ ಮುದ್ದೆ) ಹಾಕಿದ ಸಾರಿಗೆ, ನಾನು ಕ್ಯೋಟೊ ಪದ್ಧತಿ ಹಿಡಿದೆ, ಏಕೆಂದರೆ ಅದು ಹೆಚ್ಚುಕಡಿಮೆ ಹುಟ್ಟಿನಿಂದಲೇ ವೀಗನ್. ಮೇಲೆ ಉದುರಿಸುವ ಕತ್ಸುವೊ ಬಿಟ್ಟರಾಯಿತು. ಒಬ್ಬರಿಗೆ 180 ಮಿಲಿ ಬರೀ ಕೊಂಬು ದಾಶಿ, 45 ಗ್ರಾಂ ಬಿಳಿ ಸಾಯ್ಕ್ಯೊ ಮಿಸೊ. ಇದರಲ್ಲಿ ಉಪ್ಪು ಮಾಮೂಲಿ ಮಿಸೊದ ಅರ್ಧಕ್ಕಿಂತ ಕಡಿಮೆ, ಅದಕ್ಕೇ ಇಷ್ಟು ಹಾಕಬಹುದು. ಶಿಟಾಕೆ ನೀರು ಇಲ್ಲಿ ಬೇಡ, ಬಿಳಿ ಬಣ್ಣ ಕೊಳೆಯಾಗುತ್ತದೆ. ದುಂಡು ಮೋಚಿಯನ್ನು ಬೇರೆ ನೀರಲ್ಲಿ ಬೇಯಿಸಿ ಹಾಕಿ. ಸಾರಿನಲ್ಲೇ ಬೇಯಿಸಿದರೆ ಪಿಷ್ಟ ಬಿಟ್ಟು ಅಂಬಲಿಯಾಗುತ್ತದೆ. ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇದ್ದರೆ ಮೋಚಿಯನ್ನು ನಾಲ್ಕು ತುಂಡು ಮಾಡಿಯೇ ಬಡಿಸಿ. ಗಂಟಲಿಗೆ ಸಿಕ್ಕಿಕೊಳ್ಳುವ ಬಗ್ಗೆ ಟೋಕಿಯೊ ಅಗ್ನಿಶಾಮಕ ಇಲಾಖೆ ಪ್ರತಿ ವರ್ಷಾಂತ್ಯ ಎಚ್ಚರಿಸುತ್ತದೆ, ಅದು ಸುಮ್ಮನೆ ಹೇಳುವ ಮಾತಲ್ಲ.

ದಾಶಿ ತೆಗೆದ ಕೊಂಬು, ಶಿಟಾಕೆ ಎಸೆಯಬೇಡಿ. ಶಿಟಾಕೆ ನಿಶಿಮೆಗೆ ಹೋಗುತ್ತದೆ, ಕೋಯಾದೋಫು (ಒಣ ತೋಫು), ಕೊನ್ಯಾಕು (ಗೆಡ್ಡೆಯ ಜೆಲ್ಲಿ), ಸಾತೊಯಿಮೊ (ಕೆಸುವಿನ ಗೆಡ್ಡೆ) ಜೊತೆ. ಕೊಂಬುವನ್ನು ತೆಳ್ಳಗೆ ಹೆಚ್ಚಿ ಫ್ರೀಜರ್‌ನಲ್ಲಿ ಕೂಡಿಟ್ಟು, ನಾಲ್ಕು ಸಲದ್ದು ಸೇರಿದಾಗ ವಿನೆಗರ್ ಒಂದು ಚಮಚ, ಸೋಯಾ ಸಾಸ್, ಮಿರಿನ್, ಸ್ವಲ್ಪ ಸಕ್ಕರೆ ಹಾಕಿ ನೀರಾರುವತನಕ ಬೇಯಿಸಿ, ಎಳ್ಳು ಉದುರಿಸಿ. ವಿನೆಗರ್ ಬಿಟ್ಟರೆ ಎಷ್ಟು ಬೇಯಿಸಿದರೂ ಚರ್ಮದ ಹಾಗೇ ಇರುತ್ತದೆ. ಜನವರಿ ಮುಗಿಯುವತನಕ ಬಿಸಿ ಅನ್ನಕ್ಕೆ ಅದೇ ಸಾಕು.